ನೆರೆ ಎನ್ನುವ ಪದದ ಹುಟ್ಟು, ನಮ್ಮ ದೊಡ್ಡಪ್ಪನ ಪ್ರಕಾರ

ನಮ್ಮ ದೊಡ್ಡಪ್ಪನನ್ನು ಹೊಳೆ ಕೊಚ್ಚಿಕೊಂಡು ಹೋಗಬೇಕಾದರೆ ಮೊದಲು ಅದು ತನ್ನ ಹೆಸರನ್ನು ಸರಿಯಾಗಿ ಹೇಳಬೇಕು. ಅಲ್ಲಿಯವರೆಗೆ ಅವರು ಜಾಗ ಬಿಟ್ಟು ಕದಲುವವರಲ್ಲ!

ನಮ್ಮೂರು ಚುಂಚನಕಟ್ಟೆಯ ಕೆಳಗೆ, ಕಾವೇರಿ ದಡದಲ್ಲಿ. ಈ ಸಲ ಆಷಾಢದಲ್ಲಿ ಪಂಚಾಯ್ತಿ ಆಟೋ ಮೈಕ್ ಕಟ್ಟಿಕೊಂಡು, "ಪ್ರವಾಹ ಬರುವ ಸಾಧ್ಯತೆ ಇದೆ, ಎಲ್ಲರೂ ಶಾಲೆಗೆ ಬನ್ನಿ" ಎಂದು ಕೂಗುತ್ತಾ ಬಂತು. ಊರೆಲ್ಲ ಗಂಟುಮೂಟೆ ಕಟ್ಟುತ್ತಿದ್ದರೆ ದೊಡ್ಡಪ್ಪ ಆಟೋ ಅಡ್ಡಗಟ್ಟಿದರು.

"ಪ್ರವಾಹ ಅಂದ್ರೆ ಹರಿಯೋದು ಕಣ್ರೀ. ಹೊಳೆ ದಿನಾ ಹರೀತದೆ. ನೆರೆ ಅನ್ನಿ. ನೆರೆಯೋದು ಅಂದ್ರೆ ಒಟ್ಟಾಗೋದು. ಕೊಡಗಿನ ಹಳ್ಳ, ತೊರೆ ಎಲ್ಲ ಬಂದು ಸೇರ್ಕತವಲ್ಲ, ಅದು ನೆರೆ."

"ಆಯ್ತು ಸಾಮಿ, ದಾರಿ ಬುಡಿ," ಅಂದ ಡ್ರೈವರು. ಬಿಡುವುದುಂಟೇ? ಮೈಕಿನಲ್ಲಿ ತಿದ್ದಿ ಹೇಳಿಸಿದ ಮೇಲೆಯೇ ಬಿಟ್ಟದ್ದು.

ರಾಗಿ ಡಬ್ಬ ಅಟ್ಟಕ್ಕೇರಿಸುತ್ತಿದ್ದ ದೊಡ್ಡಮ್ಮ, "ಅದು ಯಾವ ಎಸ್ರಲ್ಲಿ ಬಂದ್ರೂ ನನ್ ರಾಗಿ ನೆನೀತದೆ. ಡಬ್ಬ ಎತ್ಕೊಡಿ," ಅಂದರು.

ನನಗೆ ಮಾತ್ರ ಬೆಳಗಿನಿಂದ ಬೇರೆಯೇ ಚಿಂತೆ. ಹೊಳೆಯಂಚಿನ ಪಂಪ್‌ಸೆಟ್ಟಿನ ಮೋಟ್ರು ಮೇಲೆ ತರಬೇಕಿತ್ತು. ಕೆಳಗಿಳಿದು ಒಬ್ಬ ನಟ್ಟು ಬಿಚ್ಚುವುದು, ದಡದ ಮೇಲೊಬ್ಬ ನೀರು ನೋಡುತ್ತಾ ನಿಂತು ಕೂಗುವುದು, ಇದು ನಮ್ಮ ಕಡೆಯ ರೂಢಿ. ನಾನು ಮೂರು ವರ್ಷದವನಿದ್ದಾಗ ಅಪ್ಪ ಹೀಗೇ ನಟ್ಟು ಬಿಚ್ಚಲು ಇಳಿದು ಹೊಳೆಪಾಲಾದರು. ಆಮೇಲೆ ದೊಡ್ಡಪ್ಪ ಆ ಕಡೆ ತಲೆ ಹಾಕಿದ್ದೇ ಇಲ್ಲ; ಪ್ರತಿ ವರ್ಷ ದಡ ಕಾಯುತ್ತಿದ್ದವರು ಪಕ್ಕದ ಮನೆಯವರು. ಈ ಸಲ ಅವರು ಆಗಲೇ ಶಾಲೆ ಸೇರಿದ್ದರು. ಬೇರೆ ದಾರಿಯಿಲ್ಲದೆ ದೊಡ್ಡಪ್ಪನನ್ನೇ ನಿಲ್ಲಿಸಿ ಇಳಿದೆ. ನೀರು ಏರಿತು ಅನ್ನುವುದಕ್ಕೆ ಇವರು ಸರಿಯಾದ ಪದ ಆರಿಸುವಷ್ಟರಲ್ಲಿ ನನ್ನ ಗತಿ ಏನು?

ಮೂರು ನಟ್ಟು ಬಂತು. ನಾಲ್ಕನೆಯದು ತುಕ್ಕು ಹಿಡಿದು ಕೂತಿತ್ತು. ಸ್ಪ್ಯಾನರಿಗೆ ಜೋತುಬಿದ್ದಿದ್ದೆ.

"ಪುಟ್ಟಾ! ಬಾರ್ಲಾ ಮೇಲಕ್ಕೆ! ಮೋಟ್ರು ಬುಡ್ಲಾ!"

ಆ ಗಂಟಲಿನಿಂದ ಅಂಥ ಕೂಗನ್ನು ನಾನು ಎಂದೂ ಕೇಳಿರಲಿಲ್ಲ. ಸ್ಪ್ಯಾನರ್ ಬಿಸಾಕಿ ಹತ್ತಿದೆ. ತಿರುಗಿ ನೋಡಿದರೆ ಮೋಟ್ರು ಇದ್ದ ಕಡೆ ಬರೀ ಕೆಂಪು ನೀರು.

ದೊಡ್ಡಪ್ಪ ನನ್ನ ತೋಳು ಹಿಡಿದುಕೊಂಡರು.

"ಅವತ್ತು ದಡದಲ್ಲಿ ನಿಂತ್ಕಂಡು ನಿಮ್ಮಪ್ಪನ್ನ ಕೂಗೋಕೆ ಬಾಯಿ ತೆಗ್ದೆ ಕಣ್ಲಾ. ಒಂದು ಮಾತೂ ಬರ್ನಿಲ್ಲ," ಅಂದರು. "ಅವತ್ತಿಂದ ಆ ಮಾತ್ನ ಉಡುಕ್ತಾನೇ ಇವ್ನಿ."

ಸಂಜೆ ಶಾಲೆಯಲ್ಲಿ ಯಾರೋ "ಎಂಥಾ ಪ್ರವಾಹ" ಅಂದರು. ದೊಡ್ಡಪ್ಪ ತಿದ್ದಲಿಲ್ಲ. ನನ್ನ ತೋಳನ್ನು ಇನ್ನೂ ಬಿಟ್ಟಿರಲಿಲ್ಲ.