ಎಂಟು ಬಾಲಗಳ ಪರೀಕ್ಷೆ

ಮಾರೆಪ್ಪ: ನೀ ನಡುವ ಬಾಯಿ ಹಾಕಬ್ಯಾಡ. ಇದು ಇಂಗ್ಲಿಷ್ ವ್ಯಾಕರಣ, ಸೀರಿ ಅಲ್ಲ.

ಜಮ್ಮುಲಮ್ಮ: ನಾ ಎಲ್ಲಿ ಬಾಯಿ ಹಾಕೀನ್ರಿ? ಲಾಳಿ ಹಾಕಾಕತ್ತೀನಿ.

ಗದ್ವಾಲಿನ ಆ ಮನೆಯಲ್ಲಿ ಮಗ್ಗದ ಮುಂದೆ ಹೆಂಡತಿ ಜಮ್ಮುಲಮ್ಮ. ಮಂಚದ ಮೇಲೆ, ತಾವು ನೇಯಲು ಹೇಳಿದ್ದ ಸೀರೆ ಒಯ್ಯಲು ಬಂದ ಖಾಸಗಿ ಶಾಲೆಯ ಹೆಡ್‌ಮೇಡಂ ನವನೀತಾ. ಇಬ್ಬರ ನಡುವೆ ನಿಂತ ಮಾರೆಪ್ಪ ಆ ಶಾಲೆಯ ಇಂಗ್ಲಿಷ್ ಮಾಸ್ತರಿಕೆಗೆ ಹಾಕಿದ ಅರ್ಜಿಗಳನ್ನು ಹಾಸಿದರೆ ಮಕ್ತಲ್ ಊರಿನವರೆಗೆ ಕಾಗದದ ರಸ್ತೆಯಾಗುತ್ತಿತ್ತು. ಅವನ ಇಂಗ್ಲಿಷಿಗೆ ಹೆದರಿ ಮರಿಕಲ್ ಬಸ್ಸು ಹತ್ತುವವರನ್ನೂ ಬಿಟ್ಟು ಓಡುತ್ತಿತ್ತಂತೆ. ಸೆರಗಿನ ಕಡೆಯ ನಾಲ್ಕು ಬೆರಳಿನಷ್ಟು ನೇಯ್ಗೆ ಮುಗಿಯುವುದರೊಳಗೆ ಒಂದು ಪಾಠ ಹೇಳಿ ತೋರಿಸಿ, ಕೆಲಸ ಕೊಡುವುದನ್ನು ನೋಡೋಣ ಎಂದಿದ್ದರು ಮೇಡಂ.

ಮಾರೆಪ್ಪ: ಇನ್‌ಫ್ಲೆಕ್ಷನಲ್ ಮಾರ್ಫೀಮ್ ಅಂದ್ರ ಶಬ್ದಕ್ಕ ಹಚ್ಚೋ ಬಾಲ, ಮೇಡಂ. ಇಂಗ್ಲಿಷಿನ್ಯಾಗ ಎಂಟೇ ಎಂಟು. ಟೀಚ್‌ಗೆ ಹಚ್ಚಿದರ ಟೀಚಸ್, ಟೀಚಿಂಗ್.

ನವನೀತಾ: ಟೀಚರ್?

ಮಾರೆಪ್ಪ: ಅದೂ ಎಂಟರಾಗ ಐತ್ರಿ. ಟಾಲ್, ಟಾಲರ್. ಟೀಚ್, ಟೀಚರ್.

ನವನೀತಾ: ಟಾಲರ್ ಅಂದ್ರ ಇನ್ನೂ ಎತ್ತರ. ಹಂಗಾದ್ರ ಟೀಚರ್ ಅಂದ್ರ ಇನ್ನೂ ಜಾಸ್ತಿ ಟೀಚ್ ಏನು?

ಮಾರೆಪ್ಪನ ಹಣೆಯಿಂದ ಇಳಿದ ಬೆವರಿಗೆ ಜುರಾಲಾ ಅಣೆಕಟ್ಟಿನ ಗೇಟು ತೆಗೆಯಬೇಕಾಗಿತ್ತು.

ಜಮ್ಮುಲಮ್ಮ: ಮೇಡಂ, ಇಲ್ಲಿ ನೋಡ್ರಿ. ಒಡಲು ಹತ್ತಿ ನೂಲಿಂದು, ಅಂಚು ರೇಷ್ಮೀದು, ಸೆರಗು ಬ್ಯಾರೆ. ಏನು ಕೂಡಿಸಿದ್ರೂ ಸೀರಿ ಸೀರೀನ. ಆ ಎಂಟು ಬಾಲಾನೂ ಹಂಗ, ಹಚ್ಚಿದ್ರೂ ಶಬ್ದ ಅದ ಇರತೈತಿ. ಇದನ್ನ ಕತ್ತರಿಸಿ ಲಂಗಾ ಹೊಲಿಸಿದ್ರ ಸೀರಿ ಹೋತು. ಟೀಚರ್‌ದೂ ಅದ ಕತಿ, ಅದರ ಬಾಲ ಎಂಟರಾಗ ಬರಂಗಿಲ್ಲ. ಕಲಿಸೋ ಕೆಲಸ ಹೋಗಿ ಕಲಿಸೋ ಮನಷ್ಯಾ ಬಂದ.

ಮಾರೆಪ್ಪ: ನಿನಗ ಇದೆಲ್ಲ ಯಾರು ಹೇಳಿದ್ರು?

ಜಮ್ಮುಲಮ್ಮ: ಒಂಬತ್ತು ವರ್ಷ ದಿನಾ ಮುಂಜಾನಿ ನೀವ ಒದರೀರಿ. ಈ ಮಗ್ಗಕ್ಕೂ ಬರತೈತಿ. ನಿಮಗಷ್ಟ ಬಂದಿಲ್ಲ.

ನವನೀತಾ: ಸೋಮವಾರದಿಂದ ಸಾಲಿಗೆ ಬರ್ರಿ.

ಮಾರೆಪ್ಪ ಎರಡೂ ಕೈ ಜೋಡಿಸಿದ. ಮೇಡಂ ನೋಡುತ್ತಿದ್ದದ್ದು ಅವನ ಹೆಗಲಿನಾಚೆ, ಮಗ್ಗದ ಕಡೆಗೆ.

ಜಮ್ಮುಲಮ್ಮ: ನನಗ ಪುರಸತ್ತಿಲ್ರಿ. ಅವರನ್ನ ಕರಕೊಂಡು ಹೋಗ್ರಿ. ದಿನದ ಪಾಠ ನಾ ಹಿಂದಿನ ದಿನಾನ ಹೇಳಿಕೊಟ್ಟು ಕಳಸ್ತೀನಿ.

ಮೇಡಂ ಆಗಲಿ ಎಂದು ತಲೆಯಾಡಿಸಿ, ಮಗ್ಗದಿಂದ ಇಳಿಸಿದ ಸೀರೆ ಕಂಕುಳಲ್ಲಿಟ್ಟುಕೊಂಡು ಹೊರಟರು. ಮಾರೆಪ್ಪನ ಎದೆ ಉಬ್ಬಿ ಅಂಗಿಯ ಗುಂಡಿಗಳು ಬೀದಿಗೆ ಹಾರುವಂತಾದವು.

ಮಾರೆಪ್ಪ: ನೋಡಿದೇನ, ಕಡೀಗೂ ಮಾಸ್ತರ ಆದೆ.

ಜಮ್ಮುಲಮ್ಮ: ಆದ್ರಿ ಬಿಡ್ರಿ. ಈಗ ರಾಟಿ ಮುಂದ ಕುಂದ್ರಿ. ಒಂದು ಪಾಠಕ್ಕ ಲಾಳಿಯೊಳಗ ಇಡೋ ಕಂಡಿಕಿ ಹತ್ತಕ್ಕ ನೂಲು ಸುತ್ತಿ ಕೊಡಬೇಕು. ನೂಲು ಗಂಟಾದ್ರ ಆ ದಿನ ಸಾಲಿಗೆ ರಜಾ.