ಒಬ್ಬೊಬ್ಬರಿಗೇ ಮಾಡಿದ ಸೀಟುಗಳಿಗೆ

ನನ್ನ ಹಳೆಯ ಪಿಕಪ್ ಗಾಡಿಯ ಎಡಕ್ಕೊಬ್ಬರು ಬಲಕ್ಕೊಬ್ಬರಾಗಿ ವಿರಾಜಮಾನರಾಗಿರುವ ಮಾನ್ಯ ಬಕೆಟ್ ಸೀಟುಗಳೇ,

...ಗಾಡಿ ಬದಲಿಸುವುದಕ್ಕಿಂತ ಸೀಟು ಬದಲಿಸುವುದು ಮೇಲು ಎಂದೋ, ಸೀಟು ಬದಲಿಸಿದರೆ ಗಾಡಿಯೇ ಬದಲಾದಂತೆ ಎಂದೋ ನರಗುಂದದ ಗ್ಯಾರೇಜಿನ ಯಮನೂರಸಾಬ ಹೇಳಿದ್ದ. ಎರಡರಲ್ಲಿ ಯಾವುದೆಂದು ಈಗ ನೆನಪಾಗುತ್ತಿಲ್ಲ. ಅವನು ಗಾಡಿಯ ಕೆಳಗಿನಿಂದ ಮಾತಾಡುತ್ತಿದ್ದ, ನಾನು ಸೊಂಟಕ್ಕೆ ಕೈ ಕೊಟ್ಟು ಮೇಲೆ ನಿಂತಿದ್ದೆ. ಮೊದಲನೆಯದಾಗಿದ್ದರೆ ಅದು ಸಲಹೆ, ಎರಡನೆಯದಾಗಿದ್ದರೆ ಎಚ್ಚರಿಕೆ. ಸೊಂಟ ನೋಯುವವನಿಗೆ ಎಲ್ಲವೂ ಸಲಹೆಯಾಗಿಯೇ ತೋರುತ್ತದೆ. ಹಾಗೆ ತಮ್ಮ ಆಗಮನವಾಯಿತು.

ತಮ್ಮ ಯೋಗ್ಯತೆಯ ಬಗ್ಗೆ ನನ್ನ ತಕರಾರು ಏನೂ ಇಲ್ಲವೆಂದು ಮೊದಲೇ ನಿವೇದಿಸಿಕೊಳ್ಳುತ್ತೇನೆ. ಕೊಣ್ಣೂರಿನ ಸೇತುವೆಯ ಮೇಲೆ ಮಲಪ್ರಭೆ ಹರಿದ ವರ್ಷ ಯಾರದೋ ಕಾರಿನೊಳಗೆ ಕುತ್ತಿಗೆಮಟ್ಟ ನೀರಿನಲ್ಲಿ ಕುಳಿತಿದ್ದವರು ತಾವು. ಕಾರು ಗುಜರಿಗೆ ಹೋಯಿತು, ತಾವು ಹೋಗಲಿಲ್ಲ. ಮೋಡ ಕವಿದ ದಿನ ಈಗಲೂ ತಮ್ಮ ಮೈಯಿಂದ ಹೊಳೆಯ ಕೆಸರಿನ ವಾಸನೆ ಸಣ್ಣಗೆ ಏಳುತ್ತದೆ, ಅದನ್ನು ನಾನು ಅನುಭವಸ್ಥರ ವಾಸನೆಯೆಂದು ಗೌರವಿಸುತ್ತೇನೆ. ತಲೆಗೊಂದು ದಿಂಬು, ಎರಡೂ ಪಕ್ಕೆಗಳಿಗೆ ಒತ್ತು, ಬೆನ್ನಿನ ತಗ್ಗಿಗೆ ಸರಿಯಾಗಿ ಒಂದು ಉಬ್ಬು. ತಮ್ಮಲ್ಲಿ ಕುಳಿತಾಗ ಯಾವುದೋ ಕಚೇರಿಯ ಗೋಡೆಗೆ ತೂಗುಹಾಕಿದ ಫೋಟೋದ ಹಾಗೆ ನೆಟ್ಟಗಿರುತ್ತೇನೆ. ಸೊಂಟನೋವು ಮುಕ್ಕಾಲು ಪಾಲು ಹೋಗಿದೆ. ಎಡಗಡೆಯವರ ಪಕ್ಕೆಗೆ ಏರ್‌ಬ್ಯಾಗ್ ಎಂದು ಹೊಲಿದ ಚೀಟಿಯೂ ಇದೆ. ಒಳಗೆ ಏನೂ ಇಲ್ಲವೆಂದು ಯಮನೂರಸಾಬ ಹೇಳಿದರೂ, ಇಲ್ಲದ್ದನ್ನು ಇಷ್ಟು ನಂಬಿಕೆಯಿಂದ ಬರೆದುಕೊಂಡು ಓಡಾಡುವವರ ಬಗ್ಗೆ ನನಗೆ ಮೊದಲಿನಿಂದಲೂ ಮೆಚ್ಚುಗೆ.

ಆದರೆ ತಮಗಿಂತ ಮೊದಲು ಅಲ್ಲಿ ಒಂದೇ ಉದ್ದನೆಯ ಸೀಟು ಇತ್ತೆಂಬ ಸಂಗತಿಯನ್ನು ತಮಗೆ ಯಾರೂ ತಿಳಿಸಿದಂತಿಲ್ಲ. ಅದಕ್ಕೆ ಬೆನ್ನೆಂಬುದು ಹೆಸರಿಗೆ ಮಾತ್ರ ಇತ್ತು, ರೆಗ್ಜಿನ್ ಹರಿದಲ್ಲಿ ಗೊಬ್ಬರದ ಚೀಲದ ತೇಪೆ. ಸಂತೆಯ ದಿನ ಅದರ ಮೇಲೆ ನಾವು ಮೂವರು ಸವಡಿಯಿಂದ ಗಜೇಂದ್ರಗಡಕ್ಕೆ ಹೋಗುತ್ತಿದ್ದೆವು. ಸ್ಟೇರಿಂಗಿನ ಹಿಂದೆ ನಾನು, ನಡುವೆ ನನ್ನ ತಾಯಿ ಉಡಚವ್ವ, ಕಿಟಕಿಗೆ ನಮ್ಮ ಬಾಜೂಮನೆಯ ಜಮಾಲಬಿ ಚಿಗವ್ವ. ಅವ್ವನದು ಪುಂಡಿಪಲ್ಲೆ, ಹಕ್ಕರಿಕೆ ಸೊಪ್ಪಿನ ವ್ಯಾಪಾರ. ಚಿಗವ್ವನದು ನಿಂಬೆಹಣ್ಣು, ಹಸಿಮೆಣಸಿನಕಾಯಿ. ಸಂತೆಯಲ್ಲಿ ಒಂದೇ ತಾಡಪತ್ರಿಯ ಮೇಲೆ ಎರಡೂ ಅಂಗಡಿ. ಗೇರಿನ ಕೋಲು ಅವ್ವನ ಮೊಣಕಾಲಿಗೇ ಬರುತ್ತಿತ್ತಾದ್ದರಿಂದ, ಎರಡನೇ ಗೇರು ಬೇಕಾದಾಗ ಆಕೆ ಮಾತು ನಿಲ್ಲಿಸದೆ ಕಾಲುಗಳನ್ನು ಎಡಕ್ಕೆ ಸರಿಸುವಳು. ವರ್ಷಗಳು ಕಳೆದಂತೆ ನಾನು ಕೈ ಹಾಕುವ ಮೊದಲೇ ಸರಿಸತೊಡಗಿದಳು. ರಾಜೂರ ಹತ್ತಿರದ ಏರಿನಲ್ಲಿ ಅವಳ ಮೊಣಕಾಲು ಸರಿಯಿತೆಂದರೆ ಗೇರು ಬದಲಿಸುವ ಹೊತ್ತಾಯಿತೆಂದು ನನಗೆ ಗೊತ್ತಾಗುತ್ತಿತ್ತು. ಗಾಡಿ ಓಡಿಸುತ್ತಿದ್ದವರು ಯಾರೆಂಬ ಪ್ರಶ್ನೆಯನ್ನು ನಾವು ಕೇಳಿಕೊಂಡಿರಲಿಲ್ಲ.

ಆ ಇಬ್ಬರಿಗೂ ಮಾತಾಡಲು ಬೇರೆ ಜಾಗವಿರಲಿಲ್ಲ, ಮಾನ್ಯರೇ. ಮನೆಯಲ್ಲಿ ಸೊಸೆಯಂದಿರ ಕಿವಿ, ಸಂತೆಯಲ್ಲಿ ಗಿರಾಕಿಗಳ ಬಾಯಿ. ಹೋಗುವ ದಾರಿ, ಬರುವ ದಾರಿ, ಅಷ್ಟೇ ಅವರ ಕೋಣೆ. ನಾನೊಬ್ಬ ಅಲ್ಲಿದ್ದೆನಾದರೂ ರಸ್ತೆ ನೋಡುವವನಿಗೆ ಕಿವಿ ಇರುವುದಿಲ್ಲವೆಂದು ಇಬ್ಬರೂ ನಂಬಿದ್ದರು. ಚಿಗವ್ವನ ಕಿರಿಯ ಮಗಳು ರಮಜಾನಬಿಗೆ ಬಂದ ಸಂಬಂಧದ ವಿಚಾರ ಹಲವು ಸಂತೆಗಳಿಂದ ನಡೆದಿತ್ತು. "ಹುಡುಗ ಚಲೋ ಅದಾನ ಉಡಚಕ್ಕ, ಖರೇ, ಭಾಳ ಮಾತಾಡತಾನ." "ನಿನಗಿಂತ ಹೆಚ್ಚೇನು?" "ನನಗಿಂತ ಹೆಚ್ಚು ಮಾತಾಡಾಕ ಮನಶ್ಯಾ ಉಸರ ಯಾವಾಗ ತಗೋಬೇಕವಾ?" ಹೀಗೆ. ನಾನು ನಗು ಬಂದರೆ ಹಾರ್ನ್ ಹೊಡೆಯುತ್ತಿದ್ದೆ. ಖಾಲಿ ರಸ್ತೆಯಲ್ಲಿ ಹಾರ್ನ್ ಯಾಕೆಂದು ಅವರು ಒಮ್ಮೆಯೂ ಕೇಳಲಿಲ್ಲ.

ತಮ್ಮನ್ನು ತರುವ ಮುನ್ನ ನಾನು ಅಳತೆ ತೆಗೆದದ್ದು ನನ್ನ ಬೆನ್ನಿನದು. ತಳದ ಹಳೆಯ ಪಟ್ಟಿಗಳನ್ನು ಕೊಯ್ದು, ತಮ್ಮ ಹಳಿಗಳನ್ನು ಬೆಸುಗೆ ಹಾಕಿಸಿ, ಹೆಮ್ಮೆಯಿಂದ ಮನೆಯ ಮುಂದೆ ಗಾಡಿ ನಿಲ್ಲಿಸಿದೆ. ಸಂತೆಯ ಬೆಳಿಗ್ಗೆ ಇಬ್ಬರೂ ಬುಟ್ಟಿ ಹೇರಿ ಬಂದು ಬಾಗಿಲು ತೆರೆದು ನಿಂತರು. ಎಡಗಡೆ ಒಂದೇ ಕುರ್ಚಿ. ನಡುವೆ ಒಂದು ಕೊಳಗ ಹಿಡಿಸುವಷ್ಟು ಸಂದು. "ನೀ ಕುಂದರ ಅಕ್ಕಾ, ನಾ ಹಿಂದ ಬುಟ್ಟಿ ಜೋಡಿ ಬರತೀನಿ, ನನಗ ಗಾಳಿ ಬೇಕು" ಎಂದಳು ಚಿಗವ್ವ. "ಗಾಳಿ ಬೇಕಾದ್ರ ಕಿಡಕಿ ತಗಿ. ನೀ ಹಿಂದ ಮೂಟಿಗತೆ ಕುಂತು ನಾ ಮುಂದ ಸಾವುಕಾರ್ತಿಗತೆ ಇಳದ್ರ ಸಂತ್ಯಾಗ ಮಂದಿ ಏನ ಅಂದಾರು?" ಎಂದಳು ಅವ್ವ. ತಮಗೆ ಈ ಸೀಮೆಯ ಮರ್ಯಾದೆಯ ಪರಿಚಯ ಇನ್ನೂ ಆಗಿಲ್ಲವೆಂದು ಕಾಣುತ್ತದೆ: ಇಲ್ಲಿ ಒಂದು ಕುರ್ಚಿ ಇದ್ದರೆ ಇಬ್ಬರೂ ನಿಲ್ಲುತ್ತಾರೆ. ಪರಸ್ಪರ ಒತ್ತಾಯ ಮುಗಿಯುವ ಲಕ್ಷಣ ಕಾಣದೆ ಕೊನೆಗೆ ಇಬ್ಬರೂ ಹಿಂದೆ ಹತ್ತಿದರು. ಸೆರಗಿನಿಂದ ತಲೆ ಸುತ್ತಿಕೊಂಡು, ಧೂಳು ತಿನ್ನುತ್ತ, ಪಲ್ಲೆಯ ನಡುವೆ. ಮುಂದೆ ನಾನು, ಮತ್ತು ಖಾಲಿಯಾಗಿ, ಗಂಭೀರವಾಗಿ, ರಸ್ತೆಯನ್ನೇ ದಿಟ್ಟಿಸುತ್ತಿದ್ದ ಎಡಗಡೆಯ ತಾವು.

ಮುಂದಿನ ಸಂತೆಗೆ ಇಬ್ಬರೂ ಒಂದೇ ಸೀಟಿನಲ್ಲಿ ಕೂತು ನೋಡಿದರು. ತಮ್ಮ ಪಕ್ಕೆಯ ಒತ್ತುಗಳು ಒಬ್ಬ ಸಣಕಲು ಮನುಷ್ಯನನ್ನು ಊಹಿಸಿಕೊಂಡು ಮಾಡಿದವು. ಇವರಿಬ್ಬರೂ ಯಾರ ಊಹೆಗೂ ಸಿಗುವವರಲ್ಲ. ಆದರೂ ಅರ್ಧರ್ಧ ಕೂತು ರಾಜೂರ ಏರಿನವರೆಗೆ ಬಂದರು. ಅಲ್ಲಿ ಚಿಗವ್ವ ಎಲೆಅಡಿಕೆಯ ಸಂಚಿ ಸಿಕ್ಕಿಸಲು ಜಾಗ ಹುಡುಕುತ್ತ ತಮ್ಮ ಬಗಲಿನ ಹಿಡಿಕೆಯನ್ನು ಎಳೆದಳು. ತಮ್ಮ ಬೆನ್ನು ಹಿಂದಕ್ಕೆ ಬಿದ್ದು ತಗಡಿಗೆ ತಾಗಿತು. ಇಬ್ಬರೂ ಮೇಲ್ಛಾವಣಿಯನ್ನು ನೋಡುತ್ತ ಒರಗಿಬಿಟ್ಟರು. "ಉಡಚಕ್ಕ, ದವಾಖಾನಿಗೆ ಒಯ್ಯಾಕತ್ತಾನೇನ ನಿನ್ನ ಮಗಾ?" "ಸುಮ್ನ ಮಕ್ಕೋ, ಸೂಜಿ ಮಾಡ್ಯಾನು." ನಕ್ಕರು. ಆದರೆ ಏರಿನಲ್ಲಿ ಗೇರಿನ ಬಳಿ ಸರಿಯಲು ಮೊಣಕಾಲು ಇರಲಿಲ್ಲ. ಗಾಡಿ ಏದುಸಿರು ಬಿಟ್ಟು ನಿಂತುಹೋಯಿತು. ನಾನು ಗೇರು ಬದಲಿಸುವುದನ್ನೇ ಮರೆತಿದ್ದೆ.

ಆ ಮೇಲಿನ ಸಂತೆಗೆ ಅವರು ಬಸ್ಸು ಹಿಡಿದರು. "ಹೆಂಗಸರಿಗೆ ಪುಕ್ಕಟ ಐತಿ, ಮತ್ತ ಜೋಡಿ ಕುಂದರತೀವಿ. ನೀ ಬುಟ್ಟಿ ತಗೊಂಡ ಬಾರಪಾ" ಎಂದಳು ಅವ್ವ, ಸಿಟ್ಟಿಲ್ಲದೆ. ಸಿಟ್ಟಿದ್ದಿದ್ದರೆ ನನಗೆ ಮಾಡಲು ಏನಾದರೂ ಇರುತ್ತಿತ್ತು. ಅಂದಿನಿಂದ ಎಡಗಡೆಯ ತಮ್ಮ ಮೇಲೆ ಪುಂಡಿಪಲ್ಲೆಯ ಬುಟ್ಟಿ ಪ್ರಯಾಣಿಸುತ್ತದೆ. ಅದಕ್ಕೆ ನಾನೇ ಬೆಲ್ಟು ಹಾಕುತ್ತೇನೆ. ಗಜೇಂದ್ರಗಡದಲ್ಲಿ ತಾಡಪತ್ರಿ ಹಾಸಿ ಕಾಯುತ್ತೇನೆ. ಬಸ್ಸು ಬರುತ್ತದೆ, ಇಬ್ಬರೂ ಒಬ್ಬರ ಹೆಗಲು ಒಬ್ಬರು ಹಿಡಿದು ಇಳಿಯುತ್ತಾರೆ, ಎಲ್ಲೋ ಹಿಂದಿನ ಊರಿನಲ್ಲಿ ಶುರುವಾದ ಒಂದು ನಗೆಯನ್ನು ಮುಗಿಸುತ್ತ. ನನಗೆ ಸಿಗುವುದು ಅದರ ತುದಿ. ರಮಜಾನಬಿಯ ನಿಶ್ಚಯವಾದದ್ದು ನನಗೆ ತಿಳಿದದ್ದು ರೋಣದ ಪೆಟ್ರೋಲ್ ಬಂಕಿನಲ್ಲಿ, ಟಯರಿಗೆ ಗಾಳಿ ತುಂಬುವವನಿಂದ.

ಹಳೆಯ ಸೀಟನ್ನೇ ವಾಪಸು ಹಾಕಿಸಬಹುದಲ್ಲ ಎಂದು ತಾವು ಸೌಜನ್ಯದಿಂದ ಸೂಚಿಸಬಹುದು. ಹೋಗಿ ಕೇಳಿಬಂದಿದ್ದೇನೆ. ಅದನ್ನು ಯಮನೂರಸಾಬ ಗ್ಯಾರೇಜಿನ ಮುಂದೆ ಬೇವಿನ ಗಿಡದ ಕೆಳಗೆ ಹಾಕಿಕೊಂಡಿದ್ದಾನೆ. ನಾನು ಹೋದಾಗ ಅದರ ಮೇಲೆ ಗುರುತಿಲ್ಲದ ನಾಲ್ವರು ಚಹಾ ಕುಡಿಯುತ್ತ ಯಾರದೋ ಪಾಲುಪಟ್ಟಿ ಮಾತಾಡುತ್ತಿದ್ದರು. "ಖಾಲಿ ಆದ ದಿವಸ ಒಯ್ರಿ, ಪಟ್ಟಿ ನಾನ ಹೊಸಾವ ಹಚ್ಚಿ ಕೊಡತೀನಿ" ಎಂದ. ಎರಡು ಸಲ ಹೋದೆ. ಒಮ್ಮೆ ನಾಲ್ವರಿದ್ದರು, ಒಮ್ಮೆ ಐವರು. ಎರಡನೆಯ ಸಲ ಅವರು ಸರಿದು ಜಾಗ ಕೊಟ್ಟಿದ್ದರಿಂದ ನಾನೂ ಸ್ವಲ್ಪ ಹೊತ್ತು ಕೂತು ಬಂದೆ. ಪಾಲು ಇನ್ನೂ ಆಗಿಲ್ಲ.

ಆದ್ದರಿಂದ ತಮ್ಮಲ್ಲಿ ವಿನಂತಿ. ತಾವಿಬ್ಬರೂ ಒಂದೇ ಕಾರಿನಲ್ಲಿ ಹುಟ್ಟಿ, ಒಂದೇ ನೀರಿನಲ್ಲಿ ಮುಳುಗಿ ಎದ್ದವರು. ಇಷ್ಟಾದ ಮೇಲೂ ಒಬ್ಬರಿಗೊಬ್ಬರು ತಾಗದೆ ಕೂಡುವ ತಮ್ಮ ಶಿಸ್ತನ್ನು ಕೊಂಡಾಡುತ್ತಲೇ, ಬರುವ ಸಂತೆಯೊಳಗಾಗಿ ದಯವಿಟ್ಟು ತುಸು ಸರಿದು ಕೂತು ನಡುವಿನ ಸಂದನ್ನು ತುಂಬಿಕೊಳ್ಳಬೇಕು. ಅದು ಆಗದಿದ್ದರೆ ಎಡಗಡೆಯವರು ತಮ್ಮ ಎರಡೂ ಪಕ್ಕೆಗಳನ್ನು ಬಿಚ್ಚಿ ನಮ್ಮ ಅವ್ವನ ಅಗಲಕ್ಕೊಮ್ಮೆ, ಚಿಗವ್ವನ ಅಗಲಕ್ಕೊಮ್ಮೆ ಹಿಗ್ಗಬೇಕು. ಅದೂ ಕಷ್ಟವೆಂದರೆ, ಪಲ್ಲೆಯ ಬುಟ್ಟಿಯೊಡನೆ ದಾರಿಯುದ್ದಕ್ಕೂ ಮೌನವಾಗಿರುವ ಬದಲು ಕನಿಷ್ಠ ಒಂದು ತಂಟೆಯ ಮಾತನ್ನಾದರೂ ಆಡಲು ಕಲಿಯಬೇಕು. ಖಾಲಿ ರಸ್ತೆಯಲ್ಲಿ ಹಾರ್ನ್ ಹೊಡೆಯಲು ನನಗೆ ಈಗ ಕಾರಣವೇ ಇಲ್ಲ.

ಬೆನ್ನು ನೆಟ್ಟಗಾಗಿರುವ, ಉಳಿದ ವಿಷಯಗಳಲ್ಲಿ ಅಷ್ಟು ಖಾತ್ರಿಯಿಲ್ಲದ,
ತಮ್ಮ ವಿಶ್ವಾಸಿ
ದ್ಯಾಮೇಶ, ಸವಡಿ

ತಾ.ಕ.: ತಮ್ಮ ಬಗ್ಗೆ ಅಸೂಯೆಯಿಂದ ಬರೆದೆನೆಂದು ಭಾವಿಸಬಾರದು, ಸುಖಾಸನಗಳು ನನ್ನವೇ ಆಗಿರುವಾಗ ಅವುಗಳ ಮೇಲೆ ಅಸೂಯೆ ಎಲ್ಲಿಯದು. ಅಸೂಯೆ ಇರುವುದು ಬಸ್ಸಿನ ಮೇಲೆ. ಮೊನ್ನೆ ರೋಣದ ನಿಲ್ದಾಣದಲ್ಲಿ ಅದರ ಹಿಂದೆಯೇ ಗಾಡಿ ನಿಲ್ಲಿಸಿದ್ದಾಗ ಹಿಂಬದಿಯ ಗಾಜಿನಲ್ಲಿ ಇಬ್ಬರ ತಲೆಗಳೂ ಕಂಡವು. ಅವರು ಕೂತದ್ದು ಮೂವರ ಸೀಟು. ಕಿಟಕಿಗೆ ನೀನು ಚಿಗವ್ವಾ, ನಡುವೆ ಅವ್ವ. ಆಚೆಯ ತುದಿಯಲ್ಲಿ ಯಾರದೋ ಹೆಗಲು. ನಿಮ್ಮ ಕಡೆಗೆ ವಾಲಿ, ಏನೂ ಕೇಳಿಸದವರ ಹಾಗೆ ಅಲುಗಾಡದೆ ಕೂತಿತ್ತು. ಜಮಾಲಬಿ ಚಿಗವ್ವಾ, ಅಲ್ಲಿ ಕುಂದರಾಂವ ಯಾರ?