ಬೋರ್ಡಿಂಗಿನ ಅನ್ನ

ಬೇರೆಯವರಿಗೆ ಯಾವುದು ಒಳ್ಳೆಯದೆಂದು ನಿರ್ಧರಿಸುವುದರಲ್ಲಿ ಒಂದು ದೊಡ್ಡ ಸುಖವಿದೆ. ಅವರನ್ನು ಕೇಳುವ ಶ್ರಮವಿರುವುದಿಲ್ಲ. ನಿಜಾಮರ ಕಾಲದಲ್ಲಿ ಕೊಪ್ಪಳದ ಒಂದು ಸಾಲೆಯಲ್ಲಿ ನಾನು ಮಾಸ್ತರನಾಗಿದ್ದಾಗ, ಪರವೂರ ಹುಡುಗರು ಉಳಿಯಲೆಂದು ಹೊಸದಾಗಿ ತೆರೆದ ಬೋರ್ಡಿಂಗಿಗೂ ನನ್ನನ್ನೇ ಮೇಲ್ವಿಚಾರಕನನ್ನಾಗಿ ಮಾಡಿದರು. ಆ ಸುಖವನ್ನು ಆಗ ಹೊಟ್ಟೆತುಂಬ ಅನುಭವಿಸಿದೆ. ಹೊಟ್ಟೆ ತುಂಬಿದ್ದು ನನ್ನೊಬ್ಬನದೇ ಎಂದು ಆಮೇಲೆ ಗೊತ್ತಾಯಿತು. ಬೋರ್ಡಿಂಗೆಂದರೆ ಹಳೆಯ ಹತ್ತಿ ಗೋದಾಮು. ನೆಲಕ್ಕೆ ಚಾಪೆ, ಗೋಡೆಗೆ ಮೊಳೆ, ಮೊಳೆಗೊಂದು ಟೋಪಿ. ಮಳೆಗಾಲದಲ್ಲಿ ಚಾಪೆಗಳೆಲ್ಲ ಸೋರದ ಒಂದೇ ಮೂಲೆಗೆ ಸೇರುತ್ತಿದ್ದವು.

ನಾನು ಗಂಗಾವತಿಯವನು. ಕಾಲುವೆಯ ನೀರು, ಭತ್ತದ ಗದ್ದೆ, ಎರಡು ಹೊತ್ತೂ ಅನ್ನ. ಹುಡುಗರು ಯಲಬುರ್ಗಾ ಕಡೆಯ, ಜೋಳ ಬೆಳೆಯುವ ಎರೆಭೂಮಿಯವರು. ಅವರ ಮನೆಗಳಲ್ಲಿ ಹಬ್ಬಕ್ಕೆ ಮಾತ್ರ ಅನ್ನ ಕಾಣುತ್ತದೆಂದು ಕೇಳಿ ನನ್ನ ಕರುಳು ಚುರ್ ಎಂದಿತು. ಇವರಿಗೆ ದಿನವೂ ಹಬ್ಬ ಮಾಡಿಸುತ್ತೇನೆಂದು ಅಡುಗೆಯ ವೆಂಕೋಬನಿಗೆ ಅನ್ನ, ಸಾರಿನ ಅಪ್ಪಣೆ ಕೊಟ್ಟೆ. ಮೊದಲ ವಾರ ಹುಡುಗರು ಕುಣಿದಾಡಿದರು. ಆಮೇಲೆ ಒಬ್ಬೊಬ್ಬರೇ ಸೊರಗಿದರು. ಪಾಠ ಉರ್ದುವಿನಲ್ಲಿ ನಡೆಯುತ್ತಿತ್ತು, ಹೊಟ್ಟೆ ಮಾತ್ರ ಮಧ್ಯಾಹ್ನವಿಡೀ ಕನ್ನಡದಲ್ಲೇ ಗುರುಗುಟ್ಟುತ್ತಿತ್ತು. ಶನಿವಾರ ಊರಿಗೆ ಹೋದ ಕೆಲವರು ಸೋಮವಾರ ಬರಲೇ ಇಲ್ಲ. ಓದಿನ ಭಾರ ತಡೆಯದೆ ಓಡಿದರೆಂದು ನಾನೇ ಒಂದು ಕಾರಣ ಹುಡುಕಿಕೊಂಡು ಸಮಾಧಾನಪಟ್ಟೆ.

ಕೊನೆಗೆ ಶರಣಪ್ಪನ ಅಪ್ಪ ನಿಂಗಪ್ಪ ಬಂದ. ಶರಣಪ್ಪ ಲೆಕ್ಕದಲ್ಲಿ ನನ್ನನ್ನೇ ತಿದ್ದುವಷ್ಟು ಚುರುಕು. ಅವರ ಮನೆತನದಲ್ಲಿ ಊರಿನ ಸಾಲೆ ದಾಟಿ ಬಂದವನು ಅವನೊಬ್ಬನೇ. ನಿಂಗಪ್ಪ ಜೋಡುಗಳನ್ನು ಹೊರಗೆ ಬಿಟ್ಟು, ಮಗನ ಹಾಸಿಗೆ ಸುತ್ತತೊಡಗಿದ.

“ಓದು ಭಾಳ ಛಲೋ ಐತ್ರಿ ಮಾಸ್ತರ. ಆದ್ರ ಹುಡುಗ ಸೊರಗ್ಯಾನ. ಕರಕೊಂಡು ಹೋಗ್ತೀನ್ರಿ.”

ಹೋದರೆ ಮತ್ತೆ ಬರುವುದಿಲ್ಲ, ದನದ ಹಿಂದೆಯೇ ಅವನ ಲೆಕ್ಕ ಮುಗಿಯುತ್ತದೆಂದು ನನಗೆ ಸಂಕಟವಾಯಿತು. ಸಂಕಟಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು. ನಮ್ಮ ಊಟವನ್ನು ನೀನೇ ಉಂಡು ನೋಡು ಎಂದು ಅವನನ್ನು ಪಂಕ್ತಿಯಲ್ಲಿ ಕೂಡಿಸಿ, ನಾನೇ ನಿಂತು ಬಡಿಸಿದೆ. ಗುಡ್ಡೆ ಗುಡ್ಡೆ ಅನ್ನ ಹಾಕಿದೆ. ಬೇಡವೆನ್ನದೆ ಎಲ್ಲವನ್ನೂ ಉಂಡ. ಕೈ ತೊಳೆದು, ಮೀಸೆ ಒರೆಸಿ, ಗೋಡೆಗೆ ಒರಗಿ ವಿನಯದಿಂದ ಕೇಳಿದ:

“ಛಲೋ ಆತ್ರಿ. ಊಟಕ್ಕ ಇನ್ನ ಭಾಳ ಹೊತ್ತೈತೇನ್ರಿ?”

ಅವನು ಅಣಕಿಸುತ್ತಿರಲಿಲ್ಲ, ನಿಜವಾಗಿಯೂ ಕಾಯುತ್ತಿದ್ದ. ಅವನ ಲೆಕ್ಕದಲ್ಲಿ ಊಟವೆಂದರೆ ಜೋಳದ ರೊಟ್ಟಿ, ಅದಿನ್ನೂ ಬರಬೇಕಿತ್ತು. ಹುಡುಗರು ನಗು ತಡೆಯಲು ತಲೆ ತಗ್ಗಿಸಿ ಬೆರಳು ಕಚ್ಚಿಕೊಂಡರು. ಹುಡುಗನನ್ನು ಬಿಟ್ಟು ಹೋಗಪ್ಪ, ರೊಟ್ಟಿ ಮಾಡಿಸುತ್ತೇನೆ ಎಂದು ಬೇಡಿಕೊಂಡೆ. ಅವನು ಯೋಚಿಸಿ ಹಾಸಿಗೆ ಬಿಚ್ಚಿದ. ಜೋಳ ನಾನು ಕಳಿಸುತ್ತೇನೆ, ರೊಟ್ಟಿ ಬಡಿಯುವವರನ್ನು ನೀವು ಹುಡುಕಿರಿ, ಮುಂದಿನ ಸಂತೆಗೆ ಬಂದು ನೋಡುತ್ತೇನೆ ಎಂದು ಹೇಳಿ ಹೋದ.

ಬಡಿಯುವವರು ಎಲ್ಲಿದ್ದರು? ಅನ್ನವನ್ನು ಬೇಕಾದರೆ ಊರಿಗೆಲ್ಲ ಬೇಯಿಸುತ್ತೇನೆ, ರೊಟ್ಟಿ ಮಾತ್ರ ನನ್ನ ಕೈಲಾಗದು ಎಂದ ವೆಂಕೋಬ. ಜೋಲುಮುಖ ಹಾಕಿಕೊಂಡು ಮನೆಗೆ ಬಂದೆ. ನನಗೆ ಮದುವೆಯಾಗಿ ವರ್ಷವಾಗಿತ್ತು. ಹೆಂಡತಿ ಕುಷ್ಟಗಿ ಸೀಮೆಯವಳು, ಮಾತು ಕಡಿಮೆ. ನಿನಗೇನಾದರೂ ರೊಟ್ಟಿ ಬಡಿಯಲು ಬರುತ್ತದೆಯೇ ಎಂದು ಕೇಳಿದೆ. ಅವಳು ಎದ್ದು ಹೋಗಿ, ಕಟ್ಟಿಗೆಯ ರಾಶಿಯ ಹಿಂದಿನಿಂದ ರೊಟ್ಟಿ ಬೇಯಿಸುವ ಕರ್ರಗಿನ ಹಂಚೊಂದನ್ನು ತಂದಳು. ಇದೆಲ್ಲಿತ್ತೆಂದು ಕೇಳಿದೆ.

“ತವರಿಂದ ನನ್ನ ಜೋಡೀನ ಬಂದೈತ್ರಿ. ನೀವು ಸಾಲಿಗೆ ಹೋದ ಮ್ಯಾಲೆ ದಿನಾ ಎರಡು ಬಡಕೊಂತೀನಿ. ಇಲ್ಲಾಂದ್ರ ನಮ್ಮಪ್ಪಗ ಬಂದು ಕರಕೊಂಡು ಹೋಗಂತ ಎಂದೋ ಹೇಳಿ ಕಳಸ್ತಿದ್ದೆ.”

ಮರುದಿನವೇ ಓಣಿಯ ಇಬ್ಬರು ಹೆಂಗಸರನ್ನು ಕೂಡಿಸಿಕೊಂಡು ಅವಳು ಬೋರ್ಡಿಂಗಿನ ಒಲೆ ಹಿಡಿದಳು. ಬಡಿತದ ಸದ್ದು ಕೇಳಿ ಹುಡುಗರು ಊಟದ ಗಂಟೆಗೆ ಕಾಯದೆ ಬಂದು ಕುಳಿತರು. ಹೋದವರೂ ಒಬ್ಬೊಬ್ಬರಾಗಿ ಮರಳಿದರು. ಶರಣಪ್ಪನ ಕೆನ್ನೆಗಳು ತುಂಬಿದವು, ಅವನು ನನ್ನ ತಪ್ಪು ಲೆಕ್ಕಗಳನ್ನು ಮತ್ತೆ ತಿದ್ದತೊಡಗಿದ. ನನಗೆ ಬಹಳ ಸಂತೋಷವಾಯಿತು. ಆದರೂ ಆಗಾಗ ಒಂದು ಯೋಚನೆ ಬಂದು ಮೈ ಬೆವರುತ್ತಿತ್ತು: ಮಗಳನ್ನು ಕರೆದೊಯ್ಯಲು ಮಾವನವರು ಗಾಡಿ ಹೂಡಿಕೊಂಡು ಬಂದಿದ್ದರೆ, ಅವರನ್ನೂ ಕೂಡಿಸಿ ನಾನು ಅನ್ನವನ್ನೇ ಬಡಿಸುತ್ತಿದ್ದೆ.